ತೋಟದ ನಾಯಿ ಬೆಣ್ಣೆಹಣ್ಣು ತಿಂದರೆ ಏನಾಗುತ್ತದೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಮಾವಿನ ತೋಟದ ಒಂದು ಬದಿಗೆ ಕೆಲವು ವರ್ಷಗಳ ಹಿಂದೆ ಬೆಣ್ಣೆಹಣ್ಣಿನ ಗಿಡ ಹಾಕಿದ್ದೆವು, ಈಗ ಚೆನ್ನಾಗಿ ಕಾಯಿ ಬಿಡುತ್ತಿವೆ. ತೋಟ ಕಾಯಲು ಒಂದು ನಾಟಿ ನಾಯಿ ಇದೆ. ಮಗಳು ಬೆಂಗಳೂರಿನಿಂದ ತಂದು ಬಿಟ್ಟಿರುವ ಐದು ವರ್ಷದ ಲ್ಯಾಬ್ರಡಾರ್ ಮನೆಯಲ್ಲಿದೆ. ಉದುರಿದ ಹಣ್ಣನ್ನು ಎರಡೂ ಹುಡುಕಿಕೊಂಡು ಹೋಗಿ ತಿನ್ನುತ್ತವೆ. ಹೋದ ವಾರ ತೋಟದ ನಾಯಿ ಎರಡು ಸಲ ವಾಂತಿ ಮಾಡಿಕೊಂಡಿತು, ಮಾರನೆಯ ದಿನ ಸರಿಹೋಯಿತು. ಮಗಳು ಎಲ್ಲೋ ಓದಿ, ‘ಅವಕಾಡೊ ನಾಯಿಗೆ ವಿಷ, ಹೃದಯ ಕೆಟ್ಟು ಸಾಯುತ್ತದೆ’ ಎಂದು ಹೆದರಿಸುತ್ತಾಳೆ. ಪಕ್ಕದ ತೋಟದವರು, ‘ನಮ್ಮ ನಾಯಿ ದಿನಾ ತಿನ್ನುತ್ತೆ, ಮೈ ಮಿರಮಿರ ಮಿಂಚುತ್ತೆ, ನೀವೂ ಹಾಕಿ’ ಎನ್ನುತ್ತಾರೆ. ಯಾರ ಮಾತು ನಂಬುವುದು? ನಾಯಿಯನ್ನು ಕಟ್ಟಿಹಾಕಬೇಕೆ? ಮರ ಸವರಿದಾಗ ಬೀಳುವ ಸೊಪ್ಪನ್ನು ಮೇಕೆಗಳಿಗೆ ಹಾಕುತ್ತೇವೆ, ಅದರಿಂದ ಏನೂ ತೊಂದರೆ ಇಲ್ಲವಲ್ಲ?

ಉತ್ತರ: ಪತ್ರದ ಕೊನೆಯಲ್ಲಿ ನೀವು ಹೋಗುವ ಮಾತಿನಂತೆ ಕೇಳಿರುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ, ಇದು ಕಾಯುವಂಥದ್ದಲ್ಲ. ಬೆಣ್ಣೆಹಣ್ಣಿನ ಸೊಪ್ಪನ್ನು ಮೇಕೆಗಳಿಗೆ ಹಾಕುವುದನ್ನು ಇಂದೇ ನಿಲ್ಲಿಸಿ. ಇತ್ತೀಚೆಗೆ ಹಾಕಿದ್ದರೆ, ಹಾಲು ಕೊಡುವ ಮೇಕೆಗಳ ಕೆಚ್ಚಲನ್ನು ಒಮ್ಮೆ ಮುಟ್ಟಿ ನೋಡಿ. ಅದು ಗಟ್ಟಿಯಾಗಿ ಊದಿಕೊಂಡಿದ್ದರೆ, ಹಾಲು ನೀರುನೀರಾಗಿಯೋ ಒಡೆದಂತೆಯೋ ಬರುತ್ತಿದ್ದರೆ, ತಡಮಾಡದೆ ಪಶುವೈದ್ಯರನ್ನು ಕರೆಸಿ, ಸೊಪ್ಪು ಹಾಕಿದ ಸಂಗತಿಯನ್ನು ಅವರಿಗೆ ತಪ್ಪದೆ ತಿಳಿಸಿ. ಪತ್ರದ ಬಹುಪಾಲನ್ನು ನಾಯಿಗೆ ಮೀಸಲಿಟ್ಟು ಮೇಕೆಗೆ ಒಂದು ಸಾಲು ಕೊಟ್ಟಿದ್ದೀರಿ. ಆದರೆ ಬೆಣ್ಣೆಹಣ್ಣಿನ ವಿಷದ ಮಟ್ಟಿಗೆ ನಿಮ್ಮ ಮನೆಯಲ್ಲಿ ಹೆಚ್ಚಿನ ಅಪಾಯದಲ್ಲಿರುವವು ಮೇಕೆಗಳೇ.

ಇನ್ನು ನಾಯಿಯ ವಿಚಾರ. ಮಗಳ ಮಾತಿಗೂ ನೆರೆಯವರ ಮಾತಿಗೂ ಒಂದೊಂದು ಆಧಾರವಿದೆ, ಆದರೆ ಇಬ್ಬರೂ ಆಧಾರಕ್ಕಿಂತ ಮುಂದೆ ಹೋಗಿದ್ದಾರೆ. ಆರೋಗ್ಯವಾಗಿರುವ ನಾಯಿ ಮಾಗಿದ ಬೆಣ್ಣೆಹಣ್ಣಿನ ತಿರುಳನ್ನು ಸ್ವಲ್ಪ ತಿಂದರೆ ಅದಕ್ಕೆ ವಿಷವೇರುವುದಿಲ್ಲ. ಹಾಗೆಂದು ಹಣ್ಣು ನಿರಪಾಯಕಾರಿ ಎಂದು ಮೈಮರೆಯುವಂತೆಯೂ ಇಲ್ಲ, ಏಕೆಂದರೆ ಅದರ ಬೀಜ, ಅದರ ಕೊಬ್ಬು, ಮರದಡಿ ಬಿದ್ದು ಕೊಳೆತ ಹಣ್ಣಿನ ಬೂಷ್ಟು, ಇವು ಮೂರೂ ನಾಯಿಯನ್ನು ಆಸ್ಪತ್ರೆಗೆ ತರಬಲ್ಲವು. ಎಲ್ಲರೂ ಹೆದರುವ ‘ವಿಷ’ಕ್ಕಿಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಬೀಜದ ಬಗ್ಗೆ ನನಗೆ ಹೆಚ್ಚು ಚಿಂತೆ.

ಮೊದಲು ವಿಷದ ಮಾತು ಎಲ್ಲಿಂದ ಬಂತೆಂದು ನೋಡೋಣ. ಬೆಣ್ಣೆಹಣ್ಣಿನ ಮರದಲ್ಲಿ ಪರ್ಸಿನ್ ಎಂಬ ಒಂದು ರಾಸಾಯನಿಕವಿದೆ. ಕೊಬ್ಬಿನಾಮ್ಲದಿಂದ ಹುಟ್ಟಿದ ಈ ವಸ್ತು ಶಿಲೀಂಧ್ರ ಮತ್ತು ಕೀಟಗಳಿಂದ ಮರವನ್ನು ಕಾಪಾಡುತ್ತದೆ. ರೇಷ್ಮೆಯ ಸೀಮೆಯವರಾದ ನಿಮಗೆ ಇದರ ಚರಿತ್ರೆ ಹತ್ತಿರದ್ದೆನಿಸಬಹುದು: ಬೆಣ್ಣೆಹಣ್ಣಿನ ಎಲೆಯಲ್ಲಿ ರೇಷ್ಮೆಹುಳುವಿನ ಬೆಳವಣಿಗೆಯನ್ನು ತಡೆಯುವ ಅಂಶಗಳಿವೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದರು. ಮುಂದೆ 1995ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಎಲೆಯಿಂದ ಪರ್ಸಿನ್ನನ್ನು ಬೇರ್ಪಡಿಸಿ, ಹಾಲೂಡಿಸುವ ಇಲಿಗಳ ಸ್ತನಗ್ರಂಥಿಯನ್ನೂ, ಪ್ರಮಾಣ ಹೆಚ್ಚಾದಾಗ ಹೃದಯದ ಸ್ನಾಯುವನ್ನೂ ಕೆಡಿಸುವುದು ಇದೇ ಎಂದು ತೋರಿಸಿದರು. ಪರ್ಸಿನ್ ಅತಿ ಹೆಚ್ಚಾಗಿರುವುದು ಎಲೆಯಲ್ಲಿ. ತೊಗಟೆ, ಹಣ್ಣಿನ ಸಿಪ್ಪೆ, ಬೀಜಗಳಲ್ಲೂ ಇದೆ. ಮಾಗಿದ ತಿರುಳಿನಲ್ಲಿ ಬಹಳ ಕಡಿಮೆ.

ಎಲ್ಲ ಪ್ರಾಣಿಗಳೂ ಪರ್ಸಿನ್ನಿಗೆ ಒಂದೇ ರೀತಿ ಬಗ್ಗುವುದಿಲ್ಲ. ಮೇಕೆ, ಕುರಿ, ದನ, ಕುದುರೆ, ಮೊಲ, ಪಂಜರದ ಹಕ್ಕಿಗಳು ಇದಕ್ಕೆ ಸುಲಭವಾಗಿ ತುತ್ತಾಗುತ್ತವೆ. ಮೇಕೆಗಳ ಮೇಲೆ ನಡೆದ ಪ್ರಯೋಗಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ 20 ಗ್ರಾಂ ಎಲೆ ತಿಂದವಕ್ಕೆ ತೀವ್ರವಾದ ಕೆಚ್ಚಲು ಬಾವು ಬಂದಿದೆ, 30 ಗ್ರಾಂ ತಿಂದವುಗಳ ಹೃದಯಕ್ಕೆ ಪೆಟ್ಟು ಬಿದ್ದಿದೆ. ನಿಮ್ಮ ಲೆಕ್ಕಕ್ಕೆ ಹೇಳುವುದಾದರೆ, 25 ಕಿಲೋ ತೂಗುವ ಮೇಕೆಗೆ ಅರ್ಧ ಕಿಲೋ ಸೊಪ್ಪು ಸಾಕು. ಹಸಿದ ಮೇಕೆ ಅಷ್ಟನ್ನು ಒಂದೇ ಹೊತ್ತಿಗೆ ಮೇಯುತ್ತದೆ. ಕೆಚ್ಚಲಿನ ತೊಂದರೆ 24 ಗಂಟೆಯೊಳಗೆ ಕಾಣಿಸಿಕೊಳ್ಳಬಹುದು, ಹಾಲು ಮುಕ್ಕಾಲು ಪಾಲು ಇಳಿದುಹೋಗಬಹುದು. ಹಾಲು ಕೊಡದ ಪ್ರಾಣಿಗಳಲ್ಲಿ ಪೆಟ್ಟು ನೇರವಾಗಿ ಹೃದಯಕ್ಕೆ. ಒಂದೆರಡು ದಿನಗಳಲ್ಲಿ ಪ್ರಾಣಿ ಮಂಕಾಗುತ್ತದೆ, ಏದುಸಿರು ಬಿಡುತ್ತದೆ, ಕತ್ತು ಮತ್ತು ಎದೆಯ ಕೆಳಗೆ ನೀರು ತುಂಬಿದಂತೆ ಊದಿಕೊಳ್ಳುತ್ತದೆ. ಸೊಪ್ಪಿನಿಂದ ಬರುವ ಕೆಚ್ಚಲು ಬಾವಿಗೆ ಸೋಂಕು ಕಾರಣವಲ್ಲವಾದ್ದರಿಂದ, ಸಾಮಾನ್ಯ ಕೆಚ್ಚಲು ಬಾವೆಂದು ಭಾವಿಸಿ ಕೆಚ್ಚಲಿಗೆ ಔಷಧದ ಟ್ಯೂಬು ಹಾಕಿಸಿದರೆ ಮೂಲ ಕಾರಣ ತಿಳಿಯದೆಯೇ ಉಳಿಯುತ್ತದೆ, ಸೊಪ್ಪು ಹಾಕುವುದು ಮುಂದುವರಿಯುತ್ತದೆ. ನೀವು ವೈದ್ಯರಿಗೆ ಸೊಪ್ಪಿನ ಸಂಗತಿ ಹೇಳಲೇಬೇಕೆಂದು ನಾನು ಒತ್ತಿ ಬರೆದದ್ದು ಇದಕ್ಕಾಗಿ. ಪರ್ಸಿನ್ನಿಗೆ ಪ್ರತಿವಿಷವಿಲ್ಲ. ನೋವು, ಬಾವು, ಹೃದಯದ ತೊಂದರೆಗಳಿಗೆ ಲಕ್ಷಣ ನೋಡಿ ಮಾಡುವ ಚಿಕಿತ್ಸೆ ಮಾತ್ರ ಇದೆ. ಜಾನುವಾರುಗಳ ತುರ್ತಿಗಾಗಿ ಇರುವ 1962 ಸಂಖ್ಯೆಗೆ ನೀವು ಕರೆ ಮಾಡಬಹುದು.

ತಳಿಯ ಬಗ್ಗೆಯೂ ಒಂದು ಮಾತು. ಗ್ವಾಟೆಮಾಲಾ ಮೂಲದ ತಳಿಗಳು ಮತ್ತು ಅವುಗಳ ಮಿಶ್ರತಳಿಗಳ ಎಲೆಯಿಂದ ಪ್ರಾಣಿಗಳಿಗೆ ವಿಷವಾದ ವರದಿಗಳು ಹೆಚ್ಚು, ಮೆಕ್ಸಿಕೊ ಮೂಲದವುಗಳಿಂದ ಕಡಿಮೆ. ಆದರೆ ನಮ್ಮ ತೋಟಗಳಲ್ಲಿರುವ ಬಹಳಷ್ಟು ಮರಗಳು ಬೀಜದಿಂದ ಎದ್ದವು, ಅವುಗಳ ಮೂಲ ಯಾವುದೆಂದು ನೆಟ್ಟವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ‘ನಮ್ಮದು ಆ ಜಾತಿಯದಲ್ಲ’ ಎಂಬ ಧೈರ್ಯದಲ್ಲಿ ಯಾವ ಮರದ ಸೊಪ್ಪನ್ನೂ, ಒಣಗಿದ್ದನ್ನೂ, ಮೇವಿಗೆ ಬಳಸಬೇಡಿ. ಸವರಿದ ಕೊಂಬೆಗಳನ್ನು ಮೇಕೆ ಕಟ್ಟುವ ಕಡೆ ರಾಶಿ ಹಾಕಬೇಡಿ. ಬೇಲಿಗೂ ಒಡ್ಡಬೇಡಿ.

ನಾಯಿಗಳು ಈ ಪಟ್ಟಿಯ ಇನ್ನೊಂದು ತುದಿಯಲ್ಲಿವೆ. ಪರ್ಸಿನ್ನನ್ನು ತಡೆದುಕೊಳ್ಳುವ ಶಕ್ತಿ ಅವುಗಳಿಗೆ ಹೆಚ್ಚು. ಅಮೆರಿಕದಲ್ಲಿ ಬೆಣ್ಣೆಹಣ್ಣಿನ ತಿರುಳು ಮತ್ತು ಎಣ್ಣೆಯನ್ನು ಸೇರಿಸಿ ತಯಾರಿಸಿದ ನಾಯಿ ಆಹಾರವೇ ಬಹಳ ವರ್ಷಗಳಿಂದ ಮಾರಾಟದಲ್ಲಿದೆ. ಹಾಗಾದರೆ ‘ಹೃದಯ ಕೆಡುತ್ತದೆ’ ಎಂಬ ಮಾತು ನಾಯಿಗೆ ಹೇಗೆ ಅಂಟಿಕೊಂಡಿತು? ಬೇರೆ ಪ್ರಾಣಿಗಳಲ್ಲಿ ಕಂಡದ್ದನ್ನು ನಾಯಿಗೂ ಹೊರಿಸಿದ್ದು ಒಂದು ಕಾರಣ. ಇನ್ನೊಂದು, ಕೀನ್ಯಾದಿಂದ 1994ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ವರದಿ. ಬೆಣ್ಣೆಹಣ್ಣನ್ನು ಇಷ್ಟಪಟ್ಟು ತಿನ್ನುತ್ತಿದ್ದ ಎರಡು ನಾಯಿಗಳ ಹೊಟ್ಟೆಯಲ್ಲಿ ನೀರು ತುಂಬಿ, ಹೃದಯದ ಸ್ನಾಯುವಿಗೆ ಹಾನಿಯಾದದ್ದನ್ನು ಅದರಲ್ಲಿ ವಿವರಿಸಲಾಗಿದೆ. ವರದಿ ಬರೆದವರೇ ಅದನ್ನು ‘ಶಂಕಿತ’ ಪ್ರಕರಣವೆಂದು ಕರೆದಿದ್ದಾರೆ. ಎರಡು ನಾಯಿಗಳ ಮೇಲೆ ಎಲ್ಲ ನಾಯಿಗಳ ತೀರ್ಪು ನಿಲ್ಲುವುದಿಲ್ಲ, ನಿಜ. ಆದರೂ ನಾನು ಆ ವರದಿಯನ್ನು ತಳ್ಳಿಹಾಕುವುದಿಲ್ಲ, ಏಕೆಂದರೆ ಆ ನಾಯಿಗಳ ಸ್ಥಿತಿ ನಿಮ್ಮ ತೋಟದ ನಾಯಿಯ ಸ್ಥಿತಿಯನ್ನೇ ಹೋಲುತ್ತದೆ. ನಗರದ ಮನೆಯ ನಾಯಿಗೆ ಸಿಗುವುದು ಸಿಪ್ಪೆ ಸುಲಿದ ಒಂದು ಹೋಳು. ಮರದ ಕೆಳಗೆ ಮಲಗುವ ನಾಯಿಗೆ ಸಿಪ್ಪೆ, ಬೀಜ ಸಮೇತ ಹಣ್ಣು ಸಿಗುತ್ತದೆ, ದಿನಾ ಸಿಗುತ್ತದೆ, ಹಂಗಾಮು ಮುಗಿಯುವವರೆಗೂ ಸಿಗುತ್ತದೆ. ಹೋಳಿನ ಬಗ್ಗೆ ಬರೆದ ಸಲಹೆಯನ್ನು ತೋಟಕ್ಕೆ ಹಾಗೆಯೇ ಎತ್ತಿಕೊಳ್ಳಲಾಗದು.

ಈಗ ಬೀಜಕ್ಕೆ ಬರುತ್ತೇನೆ. ಬೆಣ್ಣೆಹಣ್ಣು ಮರದ ಮೇಲೆ ಮೆತ್ತಗಾಗುವುದಿಲ್ಲ. ಕಿತ್ತ ಮೇಲೆ ಅಥವಾ ಉದುರಿದ ಮೇಲೆ ಕೆಲವು ದಿನಗಳಲ್ಲಿ ಹಣ್ಣಾಗುತ್ತದೆ. ಆದ್ದರಿಂದ ಇಂದು ಬಿದ್ದ ಕಾಯಿಯನ್ನು ನಾಯಿ ಮೂಸಿ ಬಿಟ್ಟರೂ, ನಾಲ್ಕೈದು ದಿನದ ಮೇಲೆ ಅದೇ ಕಾಯಿಯನ್ನು ಹುಡುಕಿಕೊಂಡು ಬರುತ್ತದೆ. ಚೆನ್ನಾಗಿ ಮಾಗಿದ ನಾಟಿ ಹಣ್ಣನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಬೀಜ ಕುಲುಕುವುದು ಕೇಳಿಸುತ್ತದೆ. ತಿರುಳಿನಿಂದ ಬಿಟ್ಟುಕೊಂಡ ಆ ಬೀಜಕ್ಕೆ ಸುತ್ತಲೂ ಎಣ್ಣೆಯಂಥ ಜಿಡ್ಡು ಮೆತ್ತಿರುತ್ತದೆ. ನಾಯಿ ಹಣ್ಣನ್ನು ಕಚ್ಚಿ ಬಾಯಿ ಮೇಲೆತ್ತಿದಾಗ ಅದು ನಾಲಗೆಯ ಮೇಲೆ ಜಾರಿ ನೇರ ಗಂಟಲಿಗೆ ಇಳಿಯುತ್ತದೆ. ಮೂಳೆಯನ್ನು ಕಡಿಯುವಂತೆ ನಾಯಿ ಈ ಬೀಜವನ್ನು ಕಡಿಯುವುದಿಲ್ಲ, ಹಾಗೆಯೇ ನುಂಗಿಬಿಡುತ್ತದೆ.

ನುಂಗಿದ ಬೀಜ ಕರಗುವುದಿಲ್ಲ. ಸಣ್ಣ ನಾಯಿಯಾದರೆ ಅನ್ನನಾಳದಲ್ಲೇ ಸಿಕ್ಕಿಕೊಳ್ಳಬಹುದು. ಆಗ ನಾಯಿ ಕತ್ತು ಚಾಚಿ ಓಕರಿಸುತ್ತದೆ, ಜೊಲ್ಲು ಸುರಿಸುತ್ತದೆ, ಕುಡಿದ ನೀರು ಹಾಗೆಯೇ ಹೊರಬರುತ್ತದೆ. ನಿಮ್ಮ ಎರಡು ನಾಯಿಗಳಷ್ಟು ದೊಡ್ಡವಾದರೆ ಬೀಜ ಹೊಟ್ಟೆಗೆ ಇಳಿಯುತ್ತದೆ, ಕೆಲವೊಮ್ಮೆ ಯಾವ ಲಕ್ಷಣವನ್ನೂ ತೋರಿಸದೆ ದಿನಗಟ್ಟಲೆ ಅಲ್ಲೇ ಉರುಳಾಡಿಕೊಂಡಿರುತ್ತದೆ, ಒಂದು ದಿನ ಸಣ್ಣ ಕರುಳಿಗೆ ಸರಿದು ಬಿರಡೆಯಂತೆ ಕೂತುಬಿಡುತ್ತದೆ. ಅಲ್ಲಿಂದ ಮುಂದಿನದು ನಿಜವಾದ ತುರ್ತು. ತಿಂದದ್ದೆಲ್ಲ ವಾಂತಿಯಾಗುತ್ತದೆ, ಮಲ ನಿಲ್ಲುತ್ತದೆ, ಹೊಟ್ಟೆ ಮುಟ್ಟಿದರೆ ನಾಯಿ ಗುರ್ ಎನ್ನುತ್ತದೆ ಇಲ್ಲವೇ ಬೆನ್ನು ಬಾಗಿಸಿ ನಿಲ್ಲುತ್ತದೆ. ಸಿಕ್ಕಿದ ಜಾಗದಲ್ಲಿ ಕರುಳಿನ ಗೋಡೆಗೆ ರಕ್ತ ಸಂಚಾರ ನಿಂತು ಅದು ಕೊಳೆಯತೊಡಗಿದರೆ ತೂತು ಬಿದ್ದು ಹೊಟ್ಟೆಯೆಲ್ಲ ಕೀವಾಗುತ್ತದೆ. ಶ್ರೀನಿವಾಸಪುರದ ಕಡೆಯ ಮಾವಿನ ತೋಟಗಳಲ್ಲಿ ನಾಯಿ ಸಾಕಿದವರಿಗೆ ಇದು ಹೊಸದಲ್ಲ, ಮಾವಿನ ವಾಟೆ ನುಂಗಿದ ನಾಯಿಗೂ ಆಗುವುದು ಇದೇ. ವ್ಯತ್ಯಾಸವೆಂದರೆ ವಾಟೆ ಚಪ್ಪಟೆ, ಒರಟು. ನಾಯಿ ಅದನ್ನು ಸ್ವಲ್ಪ ಹೊತ್ತಾದರೂ ಚೀಪುತ್ತದೆ, ಅಷ್ಟರಲ್ಲಿ ನೋಡಿದವರು ಕಿತ್ತುಕೊಳ್ಳಬಹುದು. ಬೆಣ್ಣೆಹಣ್ಣಿನ ಬೀಜ ಆ ಅವಕಾಶವನ್ನೂ ಕೊಡುವುದಿಲ್ಲ.

ಬೀಜ ನುಂಗಿದ್ದನ್ನು ಕಣ್ಣಾರೆ ಕಂಡರೆ ಏನು ಮಾಡಬೇಕು? ವಾಂತಿ ಮಾಡಿಸಬೇಡಿ. ಇಳಿಯುವಾಗ ಜಾರಿದ ಬೀಜ ಹತ್ತುವಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹೊಟ್ಟೆಯಲ್ಲಿದ್ದಾಗಿನದಕ್ಕಿಂತ ಕೆಟ್ಟ ಪರಿಸ್ಥಿತಿ ಬರುತ್ತದೆ. ಹಳ್ಳಿಗಳಲ್ಲಿ ಉಪ್ಪುನೀರು ಕುಡಿಸುವವರಿದ್ದಾರೆ. ಇದು ನಾಯಿಯ ರಕ್ತದಲ್ಲಿ ಸೋಡಿಯಂ ಏರಿಸಿ ಮಿದುಳಿಗೆ ಹಾನಿ ಮಾಡುತ್ತದೆ, ಉಪ್ಪುನೀರಿನಿಂದಲೇ ನಾಯಿ ಸಾಯಬಹುದು. ಬೀಜ ‘ಜಾರಿಹೋಗಲಿ’ ಎಂದು ಬಾಯಿಗೆ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಊಟ ಹಾಕದೆ ನಾಯಿಯನ್ನು ವೈದ್ಯರ ಬಳಿ ಕರೆದೊಯ್ಯುವುದೇ ಸರಿ. ಬೀಜ ಇನ್ನೂ ಹೊಟ್ಟೆಯಲ್ಲಿದ್ದರೆ, ಅದರ ಗಾತ್ರ ಒಪ್ಪಿದರೆ, ಸೌಲಭ್ಯವಿರುವ ಕಡೆ ಎಂಡೋಸ್ಕೋಪಿಯಿಂದ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ, ತೆಗೆಯಲು ಪ್ರಯತ್ನಿಸಬಹುದು. ಆದರೆ ದುಂಡಗಿನ, ನುಣುಪಾದ ಬೀಜವನ್ನು ಹಿಡಿಯುವುದು ಸುಲಭವಲ್ಲ. ಹೊಟ್ಟೆಯನ್ನು ತೆರೆದು ತೆಗೆಯುವ ಶಸ್ತ್ರಚಿಕಿತ್ಸೆಗೆ ಅರಿವಳಿಕೆಯ ಅಪಾಯ, ಖರ್ಚು, ಹೊಲಿಗೆ ಮಾಯುವವರೆಗಿನ ಆರೈಕೆ, ಎಲ್ಲವೂ ಇವೆ. ಆದರೂ ಕರುಳಿಗೆ ಇಳಿಯುವ ಮೊದಲು ಮಾಡಿದರೆ ಫಲಿತಾಂಶ ಚೆನ್ನಾಗಿರುತ್ತದೆ. ‘ಮಲದಲ್ಲಿ ಬರಬಹುದು, ಕಾಯೋಣ’ ಎಂಬ ಮೂರನೆಯ ದಾರಿಯೂ ಇದೆ. ದೊಡ್ಡ ನಾಯಿ, ಚಿಕ್ಕ ಬೀಜ, ವಾಂತಿಯಿಲ್ಲದ ಸ್ಥಿತಿ ಇದ್ದಾಗ, ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಅದನ್ನು ಆರಿಸಿಕೊಳ್ಳಬಹುದು. ಮನೆಯಲ್ಲಿ ಕುಳಿತು ಕಾಯಬೇಡಿ. ಬೀಜ ಮೂಳೆಯಷ್ಟು ಸ್ಪಷ್ಟವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಬೇಕಾಗಬಹುದು. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ಇಲ್ಲವಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯವರೆಗೆ ಹೋಗಬೇಕಾಗುತ್ತದೆ, ಆ ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯ ಅಪಾಯ ಕೊಬ್ಬು. ಇದು ತೋಟದ ನಾಯಿಗಿಂತ ನಿಮ್ಮ ಲ್ಯಾಬ್ರಡಾರಿಗೆ ಸಂಬಂಧಿಸಿದ್ದು. ಬೆಣ್ಣೆಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು, 160 ಕ್ಯಾಲರಿ ಇರುತ್ತದೆ. ನಾಟಿ ಮರದ ಸಾಧಾರಣ ಗಾತ್ರದ ಹಣ್ಣಿನಲ್ಲಿ 200 ಗ್ರಾಂ ತಿರುಳು ಇದೆಯೆಂದುಕೊಂಡರೂ, 15 ಕಿಲೋ ತೂಗುವ ನಾಯಿಗೆ ಇಡೀ ದಿನಕ್ಕೆ ಬೇಕಾದ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆ ಒಂದೇ ಹಣ್ಣಿನಲ್ಲಿ ಸಿಕ್ಕಿಬಿಡುತ್ತದೆ. ಒಮ್ಮೆಲೇ ಅಷ್ಟು ಕೊಬ್ಬು ಹೊಟ್ಟೆ ಸೇರಿದರೆ ಹಲವು ನಾಯಿಗಳಿಗೆ ವಾಂತಿ, ಭೇದಿ ಆಗಿ ಒಂದು ದಿನದಲ್ಲಿ ಸರಿಹೋಗುತ್ತದೆ. ನಿಮ್ಮ ತೋಟದ ನಾಯಿಗೆ ಹೋದ ವಾರ ಆದದ್ದು ಬಹುಶಃ ಇದೇ. ಕೆಲವು ನಾಯಿಗಳಲ್ಲಿ ಮಾತ್ರ ಅದು ಅಲ್ಲಿಗೆ ನಿಲ್ಲದೆ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ತಿರುಗುತ್ತದೆ. ಆಹಾರವನ್ನು ಕರಗಿಸಲು ಕರುಳಿಗೆ ಬಂದಮೇಲೆ ಚುರುಕಾಗಬೇಕಾದ ಕಿಣ್ವಗಳು ಗ್ರಂಥಿಯೊಳಗೇ ಚುರುಕಾಗಿ, ಗ್ರಂಥಿಯನ್ನೇ ಜೀರ್ಣಿಸತೊಡಗುತ್ತವೆ. ನಾಯಿ ಪದೇ ಪದೇ ವಾಂತಿ ಮಾಡುತ್ತದೆ, ಅನ್ನ ಮುಟ್ಟುವುದಿಲ್ಲ, ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಮೇಲೆತ್ತಿ ನಿಲ್ಲುತ್ತದೆ. ಹೊಟ್ಟೆನೋವಿಗೆ ಅದು ಕಂಡುಕೊಳ್ಳುವ ಉಪಶಮನ ಅದು. ಈ ಕಾಯಿಲೆಗೆ ಆಸ್ಪತ್ರೆಯಲ್ಲಿ ಡ್ರಿಪ್, ನೋವಿನ ಔಷಧ, ವಾಂತಿ ತಡೆಯುವ ಔಷಧ ಬೇಕಾಗುತ್ತವೆ. ಕೆಲವು ನಾಯಿಗಳು ಉಳಿಯುವುದಿಲ್ಲ.

ದಪ್ಪಗಿರುವ ನಾಯಿ, ವ್ಯಾಯಾಮವಿಲ್ಲದ ನಾಯಿ, ಮಿನಿಯೇಚರ್ ಶ್ನಾಜರ್, ಕಾಕರ್ ಸ್ಪ್ಯಾನಿಯಲ್‌ನಂಥ ತಳಿಗಳು, ಹಿಂದೊಮ್ಮೆ ಈ ಉರಿಯೂತ ಬಂದುಹೋದ ನಾಯಿ, ಇವುಗಳಿಗೆ ಬೆಣ್ಣೆಹಣ್ಣನ್ನು ಒಂದು ಚೂರೂ ಕೊಡಬಾರದೆಂಬುದು ನನ್ನ ಅಭಿಪ್ರಾಯ. ಲ್ಯಾಬ್ರಡಾರ್ ಈ ಪಟ್ಟಿಗೆ ತೂಕದ ಮೂಲಕ ಸೇರುತ್ತದೆ. ಈ ತಳಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವನ್ನು ಹತೋಟಿಯಲ್ಲಿಡುವ ಒಂದು ವಂಶವಾಹಿಯಲ್ಲಿ ಕೊರತೆ ಇದೆಯೆಂದು ಬ್ರಿಟನ್ನಿನ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಅಂಥ ನಾಯಿಗೆ ಊಟ ಊಟದ ನಡುವೆಯೂ ಹಸಿವು ಹೆಚ್ಚು. ನಿಮ್ಮ ನಾಯಿಯ ಪಕ್ಕೆಯ ಮೇಲೆ ಕೈಯಾಡಿಸಿ ನೋಡಿ. ಚರ್ಮದ ಕೆಳಗೆ ಪಕ್ಕೆಲುಬುಗಳು ಸುಲಭವಾಗಿ ಬೆರಳಿಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ಅದು ದಪ್ಪವಾಗಿದೆ ಎಂದರ್ಥ, ಹಂಗಾಮು ಮುಗಿಯುವವರೆಗೆ ಅದನ್ನು ಒಂಟಿಯಾಗಿ ತೋಟಕ್ಕೆ ಬಿಡಬೇಡಿ.

ಮರದಡಿ ಬಿದ್ದು ಕಪ್ಪಾಗಿ ಬೂಷ್ಟು ಹಿಡಿದ ಹಣ್ಣು ಮೂರನೆಯ ಅಪಾಯ. ಕೊಳೆತ ಆಹಾರದ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ನರಗಳನ್ನು ಕೆರಳಿಸುವ ವಿಷ ಉಂಟುಮಾಡುತ್ತವೆ, ಅದನ್ನು ತಿಂದ ನಾಯಿ ಕೆಲವೇ ಗಂಟೆಗಳಲ್ಲಿ ನಡುಗಲು ಶುರುಮಾಡಬಹುದು. ತಿಪ್ಪೆಗೆ ಹಾಕಿದ ಹಣ್ಣಿನಿಂದಲೂ ಇದು ಆಗುತ್ತದೆ.

ನಡುಕದ ಮಾತು ಬಂದದ್ದರಿಂದ, ನಮ್ಮ ಸೀಮೆಯ ಪಶುವೈದ್ಯರೆಲ್ಲರೂ ಗಮನಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ತೋಟದಿಂದ ಬಂದ ನಾಯಿ ಬಾಯಲ್ಲಿ ನೊರೆ ಸುರಿಸುತ್ತಾ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿ, ಮೈ ಅದುರುತ್ತಾ, ತಿಳಿಯದೆ ಮಲಮೂತ್ರ ಮಾಡಿಕೊಳ್ಳುತ್ತಿದ್ದರೆ ಅದು ಹಣ್ಣಿನ ಕೆಲಸವಲ್ಲ. ಮಾವಿಗೋ ಟೊಮೆಟೊಗೋ ಹೊಡೆದ ಕೀಟನಾಶಕವೋ, ಯಾರೋ ಇಟ್ಟ ವಿಷದ ಆಹಾರವೋ ಹೊಟ್ಟೆ ಸೇರಿದೆ ಎಂದೇ ತಿಳಿಯಬೇಕು. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳ ಲಕ್ಷಣ ಇದು. ಇದಕ್ಕೆ ಅಟ್ರೋಪಿನ್ ಎಂಬ ಔಷಧವಿದೆ, ಅದು ಬೇಗ ಸಿಕ್ಕಿದಷ್ಟೂ ನಾಯಿ ಉಳಿಯುವ ಸಾಧ್ಯತೆ ಹೆಚ್ಚು. ‘ಬೆಣ್ಣೆಹಣ್ಣು ತಿಂದಿತ್ತು ಡಾಕ್ಟ್ರೇ’ ಎಂಬ ಒಂದು ಮಾತು ವೈದ್ಯರ ಯೋಚನೆಯನ್ನು ಬೇರೆ ಕಡೆಗೆ ಎಳೆದು ಆ ಅಮೂಲ್ಯ ಸಮಯವನ್ನು ಕಳೆಯಬಾರದು. ಆ ವಾರ ತೋಟದಲ್ಲಿ ಏನೇನು ಸಿಂಪಡಿಸಿದ್ದೀರೋ ಅದರ ಬಾಟಲಿಯನ್ನೋ ಪೊಟ್ಟಣವನ್ನೋ ಜೊತೆಗೆ ತನ್ನಿ.

ನೆರೆಯವರು ಹೇಳಿದ ‘ಮಿರಮಿರ ಮಿಂಚುವ ಮೈ’ಗೆ ಬರೋಣ. ಒಣಗಿ ಒರಟಾಗಿದ್ದ ನಾಯಿಯ ಕೂದಲು ಕೊಬ್ಬು ಸಿಕ್ಕಾಗ ನುಣುಪಾಗುವುದು ಸುಳ್ಳಲ್ಲ. ಮುದ್ದೆ, ಅನ್ನ, ತಿಳಿಸಾರಿನ ಮೇಲೆ ಬದುಕುವ ನಾಯಿಗೆ ಕೊಬ್ಬು ಮತ್ತು ಪ್ರೋಟೀನ್ ಎರಡೂ ಕಡಿಮೆ ಬೀಳುತ್ತವೆ. ಅದಕ್ಕೆ ಯಾವುದೇ ಒಳ್ಳೆಯ ಕೊಬ್ಬು ಸೇರಿದರೂ ಗುಣ ಕಾಣುತ್ತದೆ. ಆದರೆ ಕೂದಲಿನ ಹೊಳಪಿಗೆ ನಾಯಿಗೆ ಮುಖ್ಯವಾಗಿ ಬೇಕಾದ ಕೊಬ್ಬಿನಾಮ್ಲ ಲಿನೋಲಿಕ್ ಆಮ್ಲ. ಬೆಣ್ಣೆಹಣ್ಣಿನಲ್ಲಿ ಹೆಚ್ಚಾಗಿರುವುದು ಓಲಿಕ್ ಆಮ್ಲ. ನಾಯಿಯ ಮೈ ಮಂಕಾಗಿದೆಯೆಂದರೆ ನಾನು ಮೊದಲು ನೋಡುವುದು ಉಣ್ಣೆ, ಚಿಗಟ, ಜಂತುಹುಳು, ಕಜ್ಜಿ ಇವೆಯೇ ಎಂದು. ಉಣ್ಣೆಯಿಂದ ಹರಡುವ ಜ್ವರ ನಮ್ಮಲ್ಲಿ ಸಾಮಾನ್ಯ, ಅದು ಒಳಗೊಳಗೇ ನಾಯಿಯನ್ನು ಸೊರಗಿಸುತ್ತದೆ. ಇವನ್ನು ಬಿಟ್ಟು ಹಣ್ಣಿನಿಂದ ಮೈ ಮಿಂಚಿಸಲು ಹೋದರೆ ಕಾಯಿಲೆ ಒಳಗೇ ಉಳಿಯುತ್ತದೆ. ದಿನಕ್ಕೊಂದು ಬೇಯಿಸಿದ ಮೊಟ್ಟೆಯನ್ನು ಮುದ್ದೆಯ ಜೊತೆ ಹಾಕಿ. ಬೆಣ್ಣೆಹಣ್ಣಿಗಿಂತ ಅಗ್ಗ, ಗುಣವೂ ಹೆಚ್ಚು.

ಇಷ್ಟಾದರೂ ನಾಯಿಗೆ ಕೊಡುವ ಆಸೆಯಿದ್ದರೆ, ತೂಕ ಸರಿಯಾಗಿರುವ ತೋಟದ ನಾಯಿಗೆ ಸಿಪ್ಪೆ ಸುಲಿದು, ಬೀಜ ತೆಗೆದು, ಒಂದೆರಡು ಚಮಚ ತಿರುಳನ್ನು ವಾರಕ್ಕೆ ಒಂದೆರಡು ಸಲ ಕೊಡುವುದರಿಂದ ಹಾನಿಯಿಲ್ಲ. ದಿನದ ಆಹಾರದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಂಥ ತಿಂಡಿಗಳಿಂದ ಬರಬಾರದು. ಸಕ್ಕರೆ ಹಾಕಿದ ಬಟರ್ ಫ್ರೂಟ್ ಜ್ಯೂಸ್ ಉಳಿಯಿತೆಂದು ನಾಯಿಯ ತಟ್ಟೆಗೆ ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿ ಮಾಡಿದ ಚಟ್ನಿಯನ್ನಂತೂ ಕೊಡಲೇಬೇಡಿ. ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಂದು ತುತ್ತಿನಿಂದ ನಾಯಿ ಸಾಯುವುದಿಲ್ಲ, ಆದರೆ ದಿನವೂ ಸ್ವಲ್ಪ ಸ್ವಲ್ಪ ಹೊಟ್ಟೆ ಸೇರಿದರೂ ರಕ್ತಹೀನತೆ ಬರಬಹುದು.

ನಿಮ್ಮ ಮಗಳ ಭಯವನ್ನು ನಾನು ಅಲ್ಲಗಳೆಯುವುದಿಲ್ಲ, ಅದನ್ನು ಸರಿಯಾದ ಹಣ್ಣಿನ ಕಡೆಗೆ ತಿರುಗಿಸಲು ಬಯಸುತ್ತೇನೆ. ಚಿಕ್ಕಬಳ್ಳಾಪುರ ಜಿಲ್ಲೆ ದ್ರಾಕ್ಷಿಯ ಸೀಮೆ. ನಾಯಿಗೆ ದ್ರಾಕ್ಷಿಯೂ ಒಣದ್ರಾಕ್ಷಿಯೂ ಖಚಿತವಾಗಿ ಅಪಾಯಕಾರಿ. ಎಲ್ಲ ನಾಯಿಗಳಿಗೂ ಆಗುವುದಿಲ್ಲ, ಆದರೆ ಯಾವ ನಾಯಿಗೆ ಎಷ್ಟು ತಿಂದರೆ ಮೂತ್ರಪಿಂಡ ಕೈಕೊಡುತ್ತದೆಂದು ಮುಂಚಿತವಾಗಿ ಹೇಳಲಾಗದು. ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣವಿರಬಹುದೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಮುಂದಿಟ್ಟರು, ಮರುವರ್ಷ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ರೀತಿಯ ಮೂತ್ರಪಿಂಡದ ಹಾನಿ ವರದಿಯಾಯಿತು. ಸಾರಿನಲ್ಲಿ ಬೆರೆತಿರುವಷ್ಟು ಹುಣಸೆಗೆ ನೀವು ಹೆದರಬೇಕಾಗಿಲ್ಲ. ಆದರೆ ವಿಷ ತಿಂದಿದೆಯೆಂದು ನಾಯಿಗೆ ಲೋಟಗಟ್ಟಲೆ ಹುಣಸೆರಸ ಕುಡಿಸಿದರೆ ಅದು ಇನ್ನೊಂದು ಅಪಾಯವಾಗುತ್ತದೆ. ದ್ರಾಕ್ಷಿ ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ, ಆ ಹೊತ್ತೇ ವೈದ್ಯರಲ್ಲಿಗೆ ಹೋಗಬೇಕು. ಬೆಣ್ಣೆಹಣ್ಣಿನ ತಿರುಳು ತಿಂದ ನಾಯಿಯನ್ನಾದರೆ ಮನೆಯಲ್ಲೇ ಒಂದು ದಿನ ಗಮನಿಸಬಹುದು.

ಕಟ್ಟಿಹಾಕುವ ಪ್ರಶ್ನೆ ಉಳಿಯಿತು. ಹಗಲಿಡೀ ಕಟ್ಟಿದರೆ ಹಣ್ಣಿನ ಅಪಾಯ ತಪ್ಪುತ್ತದೆ, ಆದರೆ ತೋಟ ಕಾಯುವುದೂ ನಿಲ್ಲುತ್ತದೆ, ಸದಾ ಸರಪಳಿಯಲ್ಲಿರುವ ನಾಯಿ ಕಚ್ಚುವ ನಾಯಿಯಾಗುತ್ತದೆ. ಬಾಯಿಗೆ ಬುಟ್ಟಿ ತೊಡಿಸಬಹುದು, ಆದರೆ ನಮ್ಮ ಬೇಸಿಗೆಯಲ್ಲಿ ಅದನ್ನು ಗಂಟೆಗಟ್ಟಲೆ ಬಿಡಬಾರದು, ಬಾಯಿ ತೆರೆದು ಏದುಸಿರು ಬಿಡಲಾಗದ ಬಿಗಿಯಾದ ಬಗೆಯದನ್ನು ತೊಡಿಸಲೇಬಾರದು. ಬೆಣ್ಣೆಹಣ್ಣಿನ ಸಾಲಿಗೆ ಮಾತ್ರ ಜಾಲರಿ ಬೇಲಿ ಹಾಕುವುದು ಖರ್ಚಿನದಾದರೂ, ಮೇಕೆಗಳನ್ನೂ ಸೊಪ್ಪಿನಿಂದ ದೂರವಿಡುವುದರಿಂದ ನಿಮ್ಮ ಮನೆಗೆ ಅದು ಒಳ್ಳೆಯ ಉಪಾಯ. ಅದು ಆಗದಿದ್ದರೆ ಬೆಳಿಗ್ಗೆ ನಾಯಿ ಬಿಡುವ ಮೊದಲು, ಸಂಜೆ ತೋಟ ಬಿಡುವ ಮುನ್ನ ಉದುರಿದ ಕಾಯಿಗಳನ್ನೆಲ್ಲ ಆಯ್ದು ಮುಚ್ಚಿದ ಡ್ರಮ್ಮಿಗೆ ಹಾಕಿ. ಮೆತ್ತಗಾಗಲು ದಿನಗಳೇ ಬೇಕಾದ್ದರಿಂದ, ದಿನವೂ ಆಯ್ದರೆ ನಾಯಿಗೆ ತಿನ್ನುವಂಥ ಹಣ್ಣೇ ಸಿಗುವುದಿಲ್ಲ. ನಾನು ಎಲ್ಲರಿಗೂ ಮೊದಲು ಹೇಳುವ ಉಪಾಯ ಇದೇ.

ಹೋದ ವಾರ ವಾಂತಿ ಮಾಡಿದ ನಾಯಿಯ ಮೇಲೆ ಇನ್ನೂ ಕೆಲವು ವಾರ ಕಣ್ಣಿಟ್ಟಿರಿ. ಅದು ಎಂದಿನಂತೆ ತಿನ್ನುತ್ತಾ, ದಿನವೂ ಮಲ ವಿಸರ್ಜಿಸುತ್ತಾ, ಬೊಗಳಿಕೊಂಡು ಓಡಾಡುತ್ತಿದ್ದರೆ ಔಷಧವೇನೂ ಬೇಡ. ಆದರೆ ಹೊಟ್ಟೆಯಲ್ಲಿ ಉಳಿದ ಬೀಜ ಹೀಗೆ ಬಂದುಹೋಗುವ ವಾಂತಿಯಾಗಿಯೂ ಕಾಣಿಸಿಕೊಳ್ಳುತ್ತದೆ. ಇನ್ನೊಮ್ಮೆ ವಾಂತಿಯಾದರೆ, ತೂಕ ಇಳಿಯುತ್ತಿದ್ದರೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಹೋಗುವಾಗ ಆ ಮರದ ಕೆಳಗೆ ಸಿಗುವ ಬೀಜಗಳಲ್ಲಿ ಚಿಕ್ಕದೊಂದು, ದೊಡ್ಡದೊಂದು ಜೇಬಿಗೆ ಹಾಕಿಕೊಂಡು ಹೋಗಿ. ಹುಡುಕಬೇಕಾದದ್ದು ಎಷ್ಟು ಗಾತ್ರದ್ದೆಂದು ಸ್ಕ್ಯಾನ್ ಮಾಡುವವರಿಗೆ ಅದರಿಂದ ತಿಳಿಯುತ್ತದೆ.